ಬುಲ್ ಬಾರ್, ಎಕ್ಸ್‌ಟ್ರಾ ಟ್ಯಾಂಕ್ ಮತ್ತು ಸೆಕ್ಷನ್ 52: ಆಫ್‌ರೋಡ್ ಗಾಡಿಗೆ ಕೈ ಹಾಕುವ ಮುನ್ನ

ಥಾರ್, ಜಿಮ್ನಿ ಅಥವಾ ಸೆಕೆಂಡ್ ಹ್ಯಾಂಡ್ ಜಿಪ್ಸಿ ಕೈಗೆ ಬಂದ ತಿಂಗಳೊಳಗೆ ಹುಡುಗರು ಕೇಳುವ ಪ್ರಶ್ನೆಗಳು ಎರಡು. ಮುಂದಕ್ಕೆ ದಪ್ಪ ಸ್ಟೀಲ್ ಬಂಪರ್ ಹಾಕಿಸಬಹುದಾ? ಲಡಾಖ್‌ಗೆ ಹೋಗೋಕೆ ಇನ್ನೊಂದು ಟ್ಯಾಂಕ್ ಕೂರಿಸಬಹುದಾ? ನಾನು ಮೆಕ್ಯಾನಿಕಲ್ ಓದಿ ಆಮೇಲೆ ಪತ್ರಿಕೋದ್ಯಮಕ್ಕೆ ಬಂದವನು ಅಂತ ಗೊತ್ತಿರುವವರೆಲ್ಲ ಇದನ್ನೇ ಕೇಳುತ್ತಾರೆ. ಗ್ಯಾರೇಜಿನವರನ್ನು ಕೇಳಿದರೆ "ಎಲ್ರೂ ಹಾಕ್ಸಿದ್ದಾರೆ ಸಾರ್" ಅನ್ನುತ್ತಾರೆ. ಅದೂ ನಿಜವೇ. ಆದರೆ ಎಲ್ಲರೂ ಹಾಕಿಸಿರೋದಕ್ಕೂ ಕಾನೂನು ಒಪ್ಪಿರೋದಕ್ಕೂ ಸಂಬಂಧವಿಲ್ಲ. ಭೌತಶಾಸ್ತ್ರವಂತೂ ಇಬ್ಬರ ಮಾತನ್ನೂ ಕೇಳುವುದಿಲ್ಲ.

ಮೊದಲು ಬಂಪರ್ ವಿಷಯ. ಆಫ್‌ರೋಡ್ ಮಾಡುವವರಿಗೆ ಸ್ಟೀಲ್ ಬಂಪರ್ ಬೇಕೆನಿಸುವುದಕ್ಕೆ ನ್ಯಾಯವಾದ ಕಾರಣಗಳಿವೆ. ಕಂಪನಿಯಿಂದ ಬರುವ ಪ್ಲಾಸ್ಟಿಕ್ ಬಂಪರ್ ಕೆಳಕ್ಕೆ ಇಳಿದಿರುತ್ತದೆ, ಕಡಿದಾದ ದಿಣ್ಣೆ ಹತ್ತುವಾಗ ಚಕ್ರಕ್ಕಿಂತ ಮೊದಲು ಅದೇ ನೆಲಕ್ಕೆ ತಾಗುತ್ತದೆ. ಚಕ್ರ ನೆಲ ಮುಟ್ಟುವ ಜಾಗದಿಂದ ಬಂಪರ್‌ನ ಕೆಳತುದಿಗೆ ಗೆರೆ ಎಳೆದರೆ ಸಿಗುವ ಕೋನವನ್ನು ಅಪ್ರೋಚ್ ಆಂಗಲ್ ಅನ್ನುತ್ತಾರೆ. ಜಿಮ್ನಿಗೆ ಇದು 36 ಡಿಗ್ರಿ. ಬಂಪರ್ ಮೇಲಕ್ಕೆತ್ತಿ ಕತ್ತರಿಸಿದರೆ ಕೋನ ಹೆಚ್ಚುತ್ತದೆ. ಜೊತೆಗೆ ಕೆಸರಲ್ಲಿ ಹೂತರೆ ಎಳೆಯೋಕೆ ವಿಂಚ್ ಬೇಕು, ವಿಂಚ್ ಕೂರಿಸೋಕೆ ಗಟ್ಟಿ ಜಾಗ ಬೇಕು.

ಸಮಸ್ಯೆ ಶುರುವಾಗೋದು ತೂಕದಿಂದ. ಬಂಪರ್ ಮತ್ತು ವಿಂಚ್ ಸೇರಿ 80 ಕೆಜಿ ಅಂದುಕೊಳ್ಳಿ. ಅದು ಮುಂದಿನ ಆಕ್ಸಲ್‌ಗಿಂತ 70 ಸೆಂಟಿಮೀಟರ್ ಮುಂದೆ ನೇತಾಡುತ್ತಿದೆ. ಮೂರು ಬಾಗಿಲಿನ ಥಾರ್‌ನ ಎರಡು ಆಕ್ಸಲ್‌ಗಳ ನಡುವಿನ ಅಂತರ 2,450 ಮಿಲಿಮೀಟರ್. ಹೈಸ್ಕೂಲಿನ ಸನ್ನೆಗೋಲಿನ ಲೆಕ್ಕವೇ ಸಾಕು: ಮುಂದಿನ ಆಕ್ಸಲ್ ಮೇಲೆ ಬೀಳುವ ಹೆಚ್ಚುವರಿ ಭಾರ 80 ಅಲ್ಲ, ಸುಮಾರು 103 ಕೆಜಿ. ಹಿಂದಿನ ಆಕ್ಸಲ್ 23 ಕೆಜಿ ಹಗುರಾಗುತ್ತದೆ. ಅಂದರೆ ಒಬ್ಬ ದೊಡ್ಡ ಆಳನ್ನು ಬಾನೆಟ್ ಮುಂದೆ ಕೂರಿಸಿಕೊಂಡೇ ದಿನವೂ ಆಫೀಸಿಗೆ ಹೋದ ಹಾಗೆ. ಮುಂದಿನ ಸ್ಪ್ರಿಂಗ್ ಕೂರುತ್ತದೆ, ಬ್ರೇಕ್ ಹೊಡೆದಾಗ ಮೂತಿ ಇನ್ನಷ್ಟು ತಗ್ಗುತ್ತದೆ, ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಇಳಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಣ್ಣಿಗೆ ಕಾಣದ ವಿಷಯ. ಗಾಡಿಯ ಮುಂಭಾಗ ಅಪಘಾತದಲ್ಲಿ ನುಜ್ಜುಗುಜ್ಜಾಗೋದು ದೋಷವಲ್ಲ, ಅದೇ ಅದರ ಕೆಲಸ. ಕಬ್ಬಿಣ ಮಡಚಿಕೊಳ್ಳುತ್ತಾ ಹೊಡೆತದ ಶಕ್ತಿಯನ್ನು ನುಂಗುತ್ತದೆ, ಒಳಗಿರುವವರ ದೇಹ ನಿಲ್ಲೋಕೆ ಒಂದಿಷ್ಟು ಹೆಚ್ಚು ಸಮಯ ಸಿಗುತ್ತದೆ. ನಾವು ಮಾತಾಡುತ್ತಿರುವುದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಮಯದ ಬಗ್ಗೆ. ಏರ್‌ಬ್ಯಾಗ್ ಬಿಚ್ಚಬೇಕೋ ಬೇಡವೋ ಅಂತ ತೀರ್ಮಾನಿಸುವ ಕಂಪ್ಯೂಟರ್ ಕೂಡ ವೇಗ ಯಾವ ರೀತಿಯಲ್ಲಿ ಕುಸಿಯುತ್ತಿದೆ ಅಂತಲೇ ನೋಡುತ್ತದೆ. ಆ ರೀತಿಯನ್ನು ಕಂಪನಿ ತನ್ನ ಬಂಪರ್ ಇಟ್ಟುಕೊಂಡೇ ಪರೀಕ್ಷೆ ಮಾಡಿ ಹೊಂದಿಸಿರುತ್ತದೆ. ನಮ್ಮ ಎಐಎಸ್-098 ಪರೀಕ್ಷೆಯಲ್ಲಿ ಗಂಟೆಗೆ 56 ಕಿಲೋಮೀಟರ್ ವೇಗದಲ್ಲಿ ಗಾಡಿಯನ್ನು ತಡೆಗೆ ಗುದ್ದಿಸುತ್ತಾರೆ. ಅಲ್ಲಿ ಪಾಸಾಗಿದ್ದು ಶೋರೂಮಿನಿಂದ ಬಂದ ಗಾಡಿ, ನೀವು ಚಾಸಿಗೆ ನೇರವಾಗಿ ಬೋಲ್ಟ್ ಮಾಡಿಸಿದ ಪೈಪು ಇರುವ ಗಾಡಿಯಲ್ಲ. ಪೈಪು ಇದ್ದರೆ ಏರ್‌ಬ್ಯಾಗ್ ಬೇಗ ಬಿಚ್ಚಬಹುದು, ತಡವಾಗಬಹುದು, ಬಿಚ್ಚದೆಯೂ ಇರಬಹುದು. ಯಾವುದು ಆಗುತ್ತೆ ಅಂತ ಆ ಬಂಪರ್ ಮಾರಿದವನಿಗೆ ಗೊತ್ತಿರುವುದಿಲ್ಲ, ಯಾಕಂದ್ರೆ ಅವನು ಗುದ್ದಿಸಿ ನೋಡಿಲ್ಲ.

ಇದೆಲ್ಲ ಗಾಡಿಯೊಳಗೆ ಕೂತವರ ಕಥೆ. ನನಗೆ ಇದಕ್ಕಿಂತ ಹೆಚ್ಚು ತಲೆ ಕೆಡಿಸೋದು ಹೊರಗಿರುವವರ ಕಥೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಕೇಂದ್ರ ಸರ್ಕಾರದ್ದೇ ವರದಿ ಹೇಳುತ್ತದೆ. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಬೈಕು ಸ್ಕೂಟರಿನವರು ಹೆಚ್ಚುಕಡಿಮೆ 75 ಸಾವಿರ. ಕಾರಿನ ಬಾನೆಟ್ ತೆಳುವಾದ ಶೀಟಿನದ್ದು, ಅದರ ಕೆಳಗೆ ಎಂಜಿನ್‌ಗೂ ಶೀಟಿಗೂ ನಡುವೆ ಖಾಲಿ ಜಾಗ ಬಿಟ್ಟಿರುತ್ತಾರೆ. ತಲೆ ಬಡಿದರೆ ಶೀಟು ತಗ್ಗಲಿ ಅನ್ನೋದಕ್ಕೆ. ಪಾದಚಾರಿ ಸುರಕ್ಷತೆಗಾಗಿ ಎಐಎಸ್-100 ಅಂತ ಪ್ರತ್ಯೇಕ ಮಾನದಂಡವೇ ಇದೆ. ಇದರ ಮುಂದೆ ಎರಡೂವರೆ ಇಂಚಿನ ಸ್ಟೀಲ್ ಪೈಪ್ ನಿಲ್ಲಿಸಿದರೆ ಆ ಎಲ್ಲ ಲೆಕ್ಕಾಚಾರ ಅಲ್ಲಿಗೆ ಮುಗಿಯಿತು. ಆ ಪೈಪು ದೊಡ್ಡವರ ಸೊಂಟಕ್ಕೆ, ಶಾಲೆಗೆ ಹೋಗುವ ಮಗುವಿನ ತಲೆಗೆ ಸರಿಯಾಗಿ ಬರುತ್ತದೆ.

ಯುರೋಪ್ ಒಕ್ಕೂಟ 2005ರಲ್ಲೇ ಇದಕ್ಕೆ ನಿಯಮ ತಂದು, ಪಾದಚಾರಿ ಪರೀಕ್ಷೆ ಪಾಸಾಗದ ಗಟ್ಟಿ ಬುಲ್ ಬಾರ್‌ಗಳ ದಾರಿ ಮುಚ್ಚಿತು. ಆಸ್ಟ್ರೇಲಿಯಾ ಹಾಗೆ ಮಾಡಲಿಲ್ಲ. ಅಲ್ಲಿ ನೂರಾರು ಕಿಲೋಮೀಟರ್ ಖಾಲಿ ರಸ್ತೆ, ರಾತ್ರಿ ಎದುರಾಗುವ ಕಾಂಗರೂ, ರೇಡಿಯೇಟರ್ ಒಡೆದರೆ ನೀರಿಲ್ಲದ ಜಾಗದಲ್ಲಿ ಸಿಕ್ಕಿಹಾಕಿಕೊಳ್ಳುವ ಭಯ. ಹಾಗಾಗಿ ಅವರು ನಿಷೇಧದ ಬದಲು ಅದಕ್ಕೊಂದು ಮಾನದಂಡ ಬರೆದರು. "ನಮ್ಮಲ್ಲೂ ಕಾಡುಪ್ರಾಣಿ ಇದೆಯಲ್ಲ" ಅನ್ನುವವರಿದ್ದಾರೆ. ಬಂಡೀಪುರದಲ್ಲಿ ನಾವು ಹುಡುಕಿಕೊಂಡ ಉತ್ತರ ಪೈಪ್ ಅಲ್ಲ. 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವನ್ನೇ ನಿಲ್ಲಿಸಿದ್ದೇವೆ. ಆನೆಗೆ ಗುದ್ದಿದರೆ ಯಾವ ಬುಲ್ ಬಾರೂ ಉಳಿಸೋದಿಲ್ಲ ಬಿಡಿ.

ಇನ್ನು ಇಂಧನ

ಮನಾಲಿಯಿಂದ ಲೇಹ್ ಕಡೆ ಹೊರಟರೆ ಟಂಡಿ ಅನ್ನುವ ಊರಿನ ಪೆಟ್ರೋಲ್ ಬಂಕ್ ಸಿಗುತ್ತದೆ. ಮುಂದಿನ ಬಂಕ್ 365 ಕಿಲೋಮೀಟರ್ ದೂರ ಅನ್ನುವ ಅಲ್ಲಿಯ ಬೋರ್ಡಿನ ಪಕ್ಕ ಫೋಟೋ ತೆಗೆಸಿಕೊಳ್ಳದ ಕೆಎ ನಂಬರಿನ ಗಾಡಿಗಳು ಕಡಿಮೆ. ಎಕ್ಸ್‌ಟ್ರಾ ಟ್ಯಾಂಕಿನ ಆಸೆ ಹುಟ್ಟೋದೇ ಆ ಬೋರ್ಡಿನಿಂದ. ಆದರೆ ಲೆಕ್ಕ ಹಾಕಿ ನೋಡಿ. ಥಾರ್ ಟ್ಯಾಂಕ್ 57 ಲೀಟರ್. ಘಾಟಿಯಲ್ಲಿ, ಲೋ ಗೇರಿನಲ್ಲಿ, ಲೀಟರಿಗೆ ಬರೀ 8 ಕಿಲೋಮೀಟರ್ ಅಂತ ಹಿಡಿದರೂ 456 ಕಿಲೋಮೀಟರ್ ಹೋಗುತ್ತದೆ. ಜಿಮ್ನಿಯ 40 ಲೀಟರಿಗೆ ಲೀಟರಿಗೆ 11 ಹಿಡಿದರೆ 440. ಟಂಡಿಯಲ್ಲಿ ಫುಲ್ ಮಾಡಿಸಿಕೊಂಡು ಸುಮ್ನೆ ಲೇಹ್‌ಗೆ ಹೋದರೆ ಟ್ಯಾಂಕೂ ಬೇಡ, ಕ್ಯಾನೂ ಬೇಡ. ದಾರಿ ಬಿಟ್ಟು ಸೋ ಮೊರಿರಿ ಕಡೆ ಸುತ್ತಿ ಹೋಗುವವರಿಗೆ ಇನ್ನೊಂದು 15-20 ಲೀಟರ್ ಬೇಕಾಗಬಹುದು. ಅದಕ್ಕೆ ಕ್ಯಾನ್ ಸಾಕು. ಎರಡನೇ ಟ್ಯಾಂಕಿನ ನಿಜವಾದ ಅಗತ್ಯ ಇರುವುದು ಆಸ್ಟ್ರೇಲಿಯಾದ ಕ್ಯಾನಿಂಗ್ ಸ್ಟಾಕ್ ರೂಟ್‌ನಂಥ, ಸುಮಾರು 1,850 ಕಿಲೋಮೀಟರ್ ಮರುಭೂಮಿ ದಾರಿಗಳಲ್ಲಿ.

ಕಳೆದ ವರ್ಷ ಬೆಂಗಳೂರಿನ ಒಂದು ಫ್ಯಾಬ್ರಿಕೇಶನ್ ಶೆಡ್‌ನಲ್ಲಿ ಇಂಥ ಟ್ಯಾಂಕ್ ಮಾಡುವುದನ್ನು ನಿಂತು ನೋಡಿದ್ದೆ. ಕೆಲಸಗಾರನ ಕೈ ಚೆನ್ನಾಗಿತ್ತು, ವೆಲ್ಡಿಂಗ್ ನೀಟಾಗಿತ್ತು. ಆದರೆ ಒಳಗೆ ತಡೆಗೋಡೆಗಳಿರಲಿಲ್ಲ. ತಡೆಗೋಡೆ ಇಲ್ಲದ ಟ್ಯಾಂಕಿನಲ್ಲಿ ತಿರುವಿನಲ್ಲಿ 50 ಕೆಜಿ ಡೀಸೆಲ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಡಿಯುತ್ತದೆ, ತಿಂಗಳುಗಟ್ಟಲೆ ಬಡಿದು ಬಡಿದು ಬೆಸುಗೆ ಬಿರುಕು ಬಿಡುತ್ತದೆ. ಗಾಡಿ ಪಲ್ಟಿಯಾದರೆ ಇಂಧನ ಹೊರಗೆ ಸುರಿಯದಂತೆ ತಡೆಯುವ ವಾಲ್ವ್ ಇರಲಿಲ್ಲ. ಉಸಿರಾಟದ ಪೈಪನ್ನು ಹಾಗೇ ಕೆಳಕ್ಕೆ ಬಿಟ್ಟಿದ್ದರು. ಕೂರಿಸಿದ್ದು ಎಲ್ಲಿ ಅಂದ್ರೆ, ಹಿಂದಿನ ಆಕ್ಸಲ್‌ಗೂ ಬಂಪರ್‌ಗೂ ನಡುವೆ, ಸೈಲೆನ್ಸರ್ ಪಕ್ಕದಲ್ಲಿ. ಜಾಗ ಅಲ್ಲೇ ತಾನೇ ಖಾಲಿ ಇರೋದು.

ಆ ಜಾಗಕ್ಕೊಂದು ಇತಿಹಾಸವಿದೆ. ಅಮೆರಿಕದಲ್ಲಿ ಫೋರ್ಡ್ ಕಂಪನಿಯ ಪಿಂಟೋ ಕಾರಿನ ಟ್ಯಾಂಕ್ ಇದ್ದದ್ದೂ ಹಿಂದಿನ ಆಕ್ಸಲ್‌ನ ಹಿಂದೆಯೇ. ಹಿಂದಿನಿಂದ ಗುದ್ದಿದರೆ ಟ್ಯಾಂಕ್ ತೂತಾಗಿ ಬೆಂಕಿ ಹತ್ತುತ್ತಿತ್ತು. ಕೋರ್ಟು ಕಚೇರಿ, ಸಾವುಗಳು, ತನಿಖೆ ಎಲ್ಲ ಆಗಿ 1978ರಲ್ಲಿ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಯಬೇಕಾಯಿತು. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೀತಿಪಾಠವಾಗಿ ಇದನ್ನು ಇಂದಿಗೂ ಹೇಳುತ್ತಾರೆ. ಪರೀಕ್ಷೆಗೆ ಬರೆದು ಮರೆತುಬಿಡುತ್ತೇವೆ.

ಕ್ಯಾನ್ ವಿಷಯಕ್ಕೆ ಬಂದರೆ, 20 ಲೀಟರಿನ ಜೆರ್ರಿ ಕ್ಯಾನ್ 1930ರ ದಶಕದ ಜರ್ಮನ್ ಸೇನೆಯ ವಿನ್ಯಾಸ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ತಗಡಿನ ಡಬ್ಬಗಳು ಉತ್ತರ ಆಫ್ರಿಕಾದ ಮರಳಿನಲ್ಲಿ ಸೋರಿ ಸೋರಿ ಸಾಕಾದಾಗ ಅವರು ಇದನ್ನೇ ನಕಲು ಮಾಡಿದರು. ಜರ್ಮನ್ನರಿಗೆ ಅವರಿಟ್ಟ ಅಡ್ಡಹೆಸರು ಜೆರ್ರಿ, ಹೆಸರು ಹಾಗೇ ಉಳಿಯಿತು. ಮೂರು ಹಿಡಿಕೆ ಯಾಕೆ ಗೊತ್ತಾ? ತುಂಬಿದ ಕ್ಯಾನನ್ನು ಇಬ್ಬರು ಸೇರಿ ಹೊರಬಹುದು, ಖಾಲಿ ಕ್ಯಾನುಗಳನ್ನು ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು ಹಿಡಿಯಬಹುದು.

1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪೆಟ್ರೋಲ್ 'ಎ' ವರ್ಗದ್ದು, ಮಾರಾಟಕ್ಕಲ್ಲದಿದ್ದರೆ 30 ಲೀಟರ್‌ವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು, ಲೋಹದ ಡಬ್ಬ 25 ಲೀಟರ್ ಮೀರಬಾರದು. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ 'ಬಿ' ವರ್ಗ, ಅದಕ್ಕೆ ನಿಯಮ ಸಡಿಲ. ಪ್ಲಾಸ್ಟಿಕ್ ನೀರಿನ ಕ್ಯಾನಿನಲ್ಲಿ ಪೆಟ್ರೋಲ್ ತುಂಬಬೇಡಿ. ಮನಾಲಿಯಲ್ಲಿ ಗಟ್ಟಿಯಾಗಿ ಮುಚ್ಚಿದ ಡಬ್ಬ 5,328 ಮೀಟರ್ ಎತ್ತರದ ಟಂಗ್‌ಲಂಗ್ ಲಾ ತಲುಪುವಾಗ ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟಕ್ಕೆ ಇಳಿದಿರುತ್ತದೆ, ಡಬ್ಬ ಬಲೂನಿನಂತೆ ಉಬ್ಬುತ್ತದೆ. ತೆಗೆಯುವಾಗ ನಿಧಾನ, ಸಿಗರೇಟು ದೂರ. ತುಂಬಿಸುವಾಗ ಡಬ್ಬ ನೆಲದ ಮೇಲಿರಲಿ, ಗಾಡಿಯ ಮ್ಯಾಟ್ ಮೇಲಿಟ್ಟರೆ ಸ್ಟ್ಯಾಟಿಕ್ ಕಿಡಿ ಹಾರಬಹುದು. ಗಾಡಿಯೊಳಗೆ ಮನುಷ್ಯರ ಜೊತೆ ಇಡಬೇಡಿ, ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕಾಲ ಬುಡದಲ್ಲೇ ಶೇಖರವಾಗುತ್ತದೆ.

ಕಾನೂನು ಯಾರಿಗೆ?

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುವುದು ಸರಳ: ಕಂಪನಿ ಕೊಟ್ಟ ಮೂಲ ವಿವರಗಳಿಗೂ ಆರ್‌ಸಿಯಲ್ಲಿರುವ ವಿವರಗಳಿಗೂ ಹೊಂದದ ಹಾಗೆ ಮಾಲೀಕ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅಕ್ರಮ ಬದಲಾವಣೆಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. 'ಪ್ರತಿ ಬದಲಾವಣೆಗೆ' ಅನ್ನೋದನ್ನು ಗಮನಿಸಿ. ಬಂಪರ್ ಒಂದು, ಟ್ಯಾಂಕ್ ಒಂದು. ಬುಲ್ ಬಾರ್ ಹಾಕಿದವರ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಪತ್ರ ಬರೆದಿತ್ತು.

ತಮಾಷೆ ಏನಂದ್ರೆ, ಇದೇ ಸೆಕ್ಷನ್ 52 ಸಿಎನ್‌ಜಿ ಕಿಟ್‌ಗೆ ದಾರಿ ಬಿಟ್ಟಿದೆ. ಒಪ್ಪಿಗೆ ಪಡೆದ ಕಿಟ್ ಹಾಕಿಸಿ, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಿಕೊಂಡರೆ ಡಿಕ್ಕಿಯಲ್ಲಿ ಅಧಿಕ ಒತ್ತಡದ ಸಿಲಿಂಡರ್ ಇಟ್ಟುಕೊಂಡು ಓಡಾಡಬಹುದು. ಅಂದರೆ ಪರೀಕ್ಷೆ, ಪ್ರಮಾಣಪತ್ರ, ನೋಂದಣಿ ಅನ್ನುವ ವ್ಯವಸ್ಥೆ ಕಟ್ಟೋದು ನಮ್ಮ ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಆಸ್ಟ್ರೇಲಿಯಾದಲ್ಲಿ ಮಾಡಿಫೈ ಮಾಡಿದ ಗಾಡಿಯನ್ನು ಪರಿಶೀಲಿಸಿ ಸರ್ಟಿಫಿಕೇಟ್ ಕೊಡುವ ಎಂಜಿನಿಯರುಗಳಿದ್ದಾರೆ. ಪೈಪ್ ಬುಲ್ ಬಾರ್ ನಿಷೇಧಿಸಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ, ನಗರದ ರಸ್ತೆಯಲ್ಲಿ ಅದಕ್ಕೆ ಕೆಲಸವಿಲ್ಲ. ಆದರೆ ಕೆಳಭಾಗದ ರಕ್ಷಣಾ ತಗಡು, ಎಳೆಯುವ ಕೊಂಡಿ, ವಿಂಚ್ ಇವಕ್ಕೂ ಬುಲ್ ಬಾರ್‌ಗೂ ವ್ಯತ್ಯಾಸವೇ ಇಲ್ಲ ಅನ್ನುವ ಹಾಗೆ ಎಲ್ಲವನ್ನೂ ಅನುಮಾನದ ಮೂಟೆಗೆ ತುಂಬಿ, ಚೆಕ್‌ಪೋಸ್ಟಿನಲ್ಲಿ ನಿಂತಿರುವ ಪೇದೆಯ ವಿವೇಚನೆಗೆ ಬಿಡುವುದನ್ನು ಕಾನೂನು ಅನ್ನಲಾಗದು.

ಆ ವಿವೇಚನೆ ಯಾವ ಕಡೆ ವಾಲುತ್ತದೆ ಅಂತ ಎಲ್ಲರಿಗೂ ಗೊತ್ತು. ಚುನಾವಣೆ ಸಮಯದಲ್ಲಿ ಯಾವುದೇ ಪಕ್ಷದ ರ‍್ಯಾಲಿಯ ಹಿಂದೆ ನಿಂತು ಬಿಳಿ ಎಸ್‌ಯುವಿಗಳನ್ನು ಎಣಿಸಿ, ಎಷ್ಟಕ್ಕೆ ಮುಂದೆ ಕ್ರೋಮ್ ಪೈಪ್ ಇದೆ ನೋಡಿ. ಪೊಲೀಸ್ ಜೀಪುಗಳ ಮುಂದೆಯೇ ಇಂಥ ಗಾರ್ಡ್ ಕಂಡದ್ದುಂಟು. ಇನ್ನೊಂದು ಕಡೆ ಮಾಂದಲ್‌ಪಟ್ಟಿಗೆ, ಕೊಡಚಾದ್ರಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪ್ ಚಾಲಕರು. ಅವರ ಹಳೇ ಮಹೀಂದ್ರಾಗಳ ಮುಂದಿರುವ ಕಬ್ಬಿಣ ಶೋಕಿಗಲ್ಲ, ಆ ಕಲ್ಲುದಾರಿಯಲ್ಲಿ ದಿನಕ್ಕೆ ಮೂರು ನಾಲ್ಕು ಟ್ರಿಪ್ ಹೊಡೆಯೋಕೆ. ಒಂದು ದಂಡ ಬಿದ್ದರೆ ಅವರ ಎರಡು ಮೂರು ದಿನದ ದುಡಿಮೆ ಹೋಯಿತು.

ಇನ್ಶೂರೆನ್ಸ್ ಬಗ್ಗೆ ಒಂದೇ ಮಾತು: ಕಂಪನಿಗೆ ತಿಳಿಸದೆ ಹಾಕಿಸಿದ ಟ್ಯಾಂಕಿನಿಂದ ಬೆಂಕಿ ಹತ್ತಿದರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ನೀವೇ ಕಾರಣ ಬರೆದುಕೊಟ್ಟ ಹಾಗೆ.

ಈಗಾಗಲೇ ಬುಲ್ ಬಾರ್ ಇರುವ ಸೆಕೆಂಡ್ ಹ್ಯಾಂಡ್ ಗಾಡಿ ಕೊಂಡಿದ್ದರೆ, ಬಿಚ್ಚಿಸುವಾಗ ಮೂಲ ಬಂಪರಿನ ಬ್ರಾಕೆಟ್‌ಗಳು, ಅದರ ಹಿಂದಿನ ಕ್ರಶ್ ಬಾಕ್ಸ್‌ಗಳು ಉಳಿದಿವೆಯಾ ಅಂತ ನೋಡಿ. ಪೈಪ್ ಕೂರಿಸಲು ಅವನ್ನು ಗ್ಯಾಸ್ ಕಟರಿನಲ್ಲಿ ಕತ್ತರಿಸಿ ಬಿಸಾಡಿರುವುದು ಸಾಮಾನ್ಯ. ಹಾಗಾಗಿದ್ದರೆ ಹೊಸ ಪ್ಲಾಸ್ಟಿಕ್ ಬಂಪರ್ ಸಿಕ್ಕಿಸಿದ ಮಾತ್ರಕ್ಕೆ ಗಾಡಿ ಮೊದಲಿನಂತಾಗುವುದಿಲ್ಲ, ಆ ಭಾಗಗಳನ್ನೂ ಹೊಸದಾಗಿ ಹಾಕಿಸಬೇಕು. ಎಕ್ಸ್‌ಟ್ರಾ ಟ್ಯಾಂಕ್ ಇದ್ದರೆ ಅದನ್ನು ಖಾಲಿ ಮಾಡಿದರೂ ಆವಿ ಒಳಗೇ ಇರುತ್ತದೆ. ಬಿಚ್ಚುವ ದಿನ ಪಕ್ಕದಲ್ಲಿ ವೆಲ್ಡಿಂಗ್ ನಡೆಯದ ಜಾಗ ನೋಡಿಕೊಳ್ಳಿ.