ಕಲಂ 3(ಡಿ) ಮತ್ತು ಅದರಾಚೆ: ಭಾರತದ ಜೆನೆರಿಕ್ ಔಷಧಗಳ ಕಾನೂನು ಚರಿತ್ರೆ

ಭಾರತದ ಔಷಧ ಪೇಟೆಂಟುಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಬೆಲೆಯ ಕಥೆಯನ್ನೇ ಹೇಳಿದ್ದಾರೆ. ಆ ಕಥೆ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ‘ಈ ಹೊಸ ರೂಪದಿಂದ ರೋಗಿಗೆ ಹೆಚ್ಚೇನು ಸಿಕ್ಕಿತು?’ ಎಂದು ಬ್ರಾಂಡ್ ಕಂಪನಿಗಳನ್ನು ಕೇಳುವ ಕಾನೂನನ್ನು ಸಂಸತ್ತು 2005ರಲ್ಲೇ ಮಾಡಿತು. ‘ನಿಮ್ಮ ಮಾತ್ರೆ ಮೂಲ ಔಷಧದಷ್ಟೇ ಕೆಲಸ ಮಾಡುತ್ತದೆಯೇ?’ ಎಂದು ಜೆನೆರಿಕ್ ತಯಾರಕರನ್ನು ಕಟ್ಟುನಿಟ್ಟಾಗಿ ಕೇಳುವ ನಿಯಮ ಬರಲು ಮತ್ತೆ ಹನ್ನೆರಡು ವರ್ಷ ಹಿಡಿಯಿತು. ಈ ಅಂತರ ಹೇಗೆ ಹುಟ್ಟಿತು ಎಂಬುದೇ ಇಲ್ಲಿನ ವಿಚಾರ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿದ್ದದ್ದು 1911ರ ಬ್ರಿಟಿಷ್ ಪೇಟೆಂಟ್ ಕಾಯ್ದೆ. ಅದನ್ನು ಪರಿಶೀಲಿಸಿ 1959ರಲ್ಲಿ ವರದಿ ಕೊಟ್ಟ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರಿಗೆ ಕಂಡ ಸಂಗತಿ ಕಟುವಾಗಿತ್ತು. ಪೇಟೆಂಟುಗಳಲ್ಲಿ ಶೇ. 80ರಿಂದ 90ರಷ್ಟು ವಿದೇಶಿಯರ ಕೈಯಲ್ಲಿದ್ದವು; ಅವುಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನವನ್ನು ಬಳಸಿ ಇಲ್ಲಿ ಏನನ್ನೂ ತಯಾರಿಸುತ್ತಿರಲಿಲ್ಲ. ಬೇರೆಯವರು ತಯಾರಿಸದಂತೆ ತಡೆಯುವುದಷ್ಟೇ ಅವುಗಳ ಕೆಲಸವಾಗಿತ್ತು. ಅದೇ ಹೊತ್ತಿಗೆ ಅಮೆರಿಕದ ಸೆನೆಟಿನಲ್ಲಿ ಕೆಫಾವರ್ ಸಮಿತಿ ಔಷಧ ಬೆಲೆಗಳ ವಿಚಾರಣೆ ನಡೆಸುತ್ತಿತ್ತು. ಜಗತ್ತಿನಲ್ಲಿ ಔಷಧಗಳು ಅತಿ ದುಬಾರಿಯಾಗಿರುವ ದೇಶಗಳ ಸಾಲಿನಲ್ಲಿ ಭಾರತವೂ ಇದೆ ಎಂದು ಅದು ದಾಖಲಿಸಿತು. ಬಡ ದೇಶದ ರೋಗಿ ಶ್ರೀಮಂತ ದೇಶದವನಿಗಿಂತ ಹೆಚ್ಚು ತೆರುತ್ತಿದ್ದ.

ಇದಕ್ಕೆ ಉತ್ತರವಾಗಿ ಬಂದದ್ದು 1970ರ ಪೇಟೆಂಟ್ ಕಾಯ್ದೆ. 1972ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಔಷಧ ಎಂಬ ವಸ್ತುವಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ, ಅದೂ ಹೆಚ್ಚೆಂದರೆ ಏಳು ವರ್ಷ. ಅದೇ ಔಷಧವನ್ನು ಬೇರೆ ರಾಸಾಯನಿಕ ದಾರಿಯಲ್ಲಿ ಮಾಡಿದರೆ ತಪ್ಪಿಲ್ಲ. ಈ ಒಂದು ವಿನಾಯಿತಿಯ ಮೇಲೆ ಇಡೀ ಉದ್ಯಮವೇ ಎದ್ದು ನಿಂತಿತು. 2001ರಲ್ಲಿ ಸಿಪ್ಲಾ ಕಂಪನಿ ಎಚ್‌ಐವಿಯ ಮೂರು ಔಷಧಗಳ ಚಿಕಿತ್ಸೆಯನ್ನು ವರ್ಷಕ್ಕೆ 350 ಡಾಲರಿಗೆ ಕೊಡಲು ಮುಂದಾದಾಗ ಬ್ರಾಂಡ್ ಔಷಧಗಳ ಬೆಲೆ 10,000 ಡಾಲರಿಗೂ ಮೇಲಿತ್ತು. ಆಫ್ರಿಕಾದಲ್ಲಿ ಎಷ್ಟೋ ಜೀವಗಳು ಉಳಿದದ್ದರ ಹಿಂದೆ 1970ರ ಆ ಕಾಯ್ದೆಯಿದೆ. ಅದನ್ನು ಕೃತಿಚೌರ್ಯದ ಕಾನೂನು ಎಂದು ಕರೆದವರ ಮಾತನ್ನು ನಾನು ಒಪ್ಪುವುದಿಲ್ಲ.

1995ರಲ್ಲಿ ಬೌದ್ಧಿಕ ಸ್ವತ್ತಿನ ಕುರಿತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ ಒಪ್ಪಂದ ಬಂತು. ಔಷಧಕ್ಕೂ ಉತ್ಪನ್ನ ಪೇಟೆಂಟ್ ಕೊಡಲೇಬೇಕಾಯಿತು, ಅದಕ್ಕಿದ್ದ ಗಡುವು 2005. ಆ ವರ್ಷದ ತಿದ್ದುಪಡಿಯಲ್ಲಿ ಸಂಸತ್ತು ಸೇರಿಸಿದ ತಡೆಗೋಡೆಯೇ ಕಲಂ 3(ಡಿ). ಗೊತ್ತಿರುವ ಔಷಧದ ಹೊಸ ಲವಣ, ಹೊಸ ಹರಳು ರೂಪ ಇತ್ಯಾದಿಗಳು ಅದರ ಪರಿಣಾಮವನ್ನು ಹೆಚ್ಚಿಸದಿದ್ದರೆ ಅವು ಆವಿಷ್ಕಾರವೇ ಅಲ್ಲ ಎಂದು ಅದು ಹೇಳುತ್ತದೆ. ಪೇಟೆಂಟ್ ಮುಗಿಯುವ ಹೊತ್ತಿಗೆ ಸಣ್ಣದೊಂದು ಬದಲಾವಣೆ ಮಾಡಿ ಮತ್ತಷ್ಟು ವರ್ಷ ಏಕಸ್ವಾಮ್ಯ ಪಡೆಯುವ ರೂಢಿಗೆ ಹಾಕಿದ ಕಡಿವಾಣ ಅದು.

ಅದರ ಪರೀಕ್ಷೆ ನಡೆದದ್ದು ಗ್ಲಿವೆಕ್ ಪ್ರಕರಣದಲ್ಲಿ. ಒಂದು ಬಗೆಯ ರಕ್ತ ಕ್ಯಾನ್ಸರಿನ ಗತಿಯನ್ನೇ ಬದಲಿಸಿದ ಔಷಧ ಇಮಾಟಿನಿಬ್, ಅದರ ಬ್ರಾಂಡ್ ಹೆಸರು ಗ್ಲಿವೆಕ್. ಅದರ ಮೂಲ ಪೇಟೆಂಟ್ ನೊವಾರ್ಟಿಸ್ ಕಂಪನಿಯ ವಿಜ್ಞಾನಿ ಜ಼ಿಮರ್‌ಮನ್ ಹೆಸರಿನಲ್ಲಿ ಅಮೆರಿಕದಲ್ಲಿತ್ತು. ಭಾರತದಲ್ಲಿ ಆಗ ಅಂಥದ್ದಕ್ಕೆ ಅವಕಾಶವಿರಲಿಲ್ಲ. 1998ರಲ್ಲಿ ಕಂಪನಿ ಇಮಾಟಿನಿಬ್ ಮೆಸಿಲೇಟಿನ ಬೀಟಾ ಹರಳು ರೂಪಕ್ಕೆ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ ಅರ್ಜಿ ಹಾಕಿತು. ಗ್ಲಿವೆಕ್ಕಿಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ದೇಶೀ ಜೆನೆರಿಕ್ಕಿಗೆ ಹತ್ತು ಸಾವಿರದ ಆಸುಪಾಸು. ಕಂಪನಿ ತನ್ನ ದಾನ ಯೋಜನೆಯಲ್ಲಿ ಸಾವಿರಾರು ರೋಗಿಗಳಿಗೆ ಔಷಧವನ್ನು ಉಚಿತವಾಗಿ ಕೊಡುತ್ತಿತ್ತು ಎಂಬುದನ್ನೂ ಹೇಳಬೇಕು. ಆದರೆ ಕೊಡುವವರ ಇಷ್ಟದ ಮೇಲೆ ನಿಂತ ದಾನ ರೋಗಿಯ ಹಕ್ಕಾಗದು. ಕ್ಯಾನ್ಸರ್ ರೋಗಿಗಳ ಸಂಘಟನೆಯೊಂದು ಮತ್ತು ಜೆನೆರಿಕ್ ಕಂಪನಿಗಳು ತಕರಾರು ಸಲ್ಲಿಸಿದವು. 2006ರ ಜನವರಿಯಲ್ಲಿ ಅರ್ಜಿ ತಿರಸ್ಕೃತವಾಯಿತು. ಕಲಂ 3(ಡಿ)ಯೇ ಸಂವಿಧಾನಬಾಹಿರ ಎಂಬ ವಾದವನ್ನು ಮದ್ರಾಸ್ ಹೈಕೋರ್ಟ್ 2007ರಲ್ಲಿ ತಳ್ಳಿಹಾಕಿತು.

2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅಂತಿಮ ತೀರ್ಪು ಕೊಟ್ಟರು. ಹೊಸ ರೂಪ ಶೇ. 30ರಷ್ಟು ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ ಎಂಬುದು ಕಂಪನಿಯ ವಾದ. ಔಷಧದ ವಿಷಯದಲ್ಲಿ ಪರಿಣಾಮ ಎಂದರೆ ರೋಗವನ್ನು ಗುಣಪಡಿಸುವ ಶಕ್ತಿ; ರಕ್ತಕ್ಕೆ ಹೆಚ್ಚು ಸೇರಿದ್ದರಿಂದ ರೋಗ ಹೆಚ್ಚು ಗುಣವಾಯಿತು ಎಂದು ತೋರಿಸಿಲ್ಲ ಎಂದು ಕೋರ್ಟ್ ಹೇಳಿತು. ತೀರ್ಪಿನ ಇನ್ನೊಂದು ಭಾಗ ಅಷ್ಟಾಗಿ ಚರ್ಚೆಯಾಗಿಲ್ಲ, ನನ್ನ ದೃಷ್ಟಿಯಲ್ಲಿ ಅದು ಅಷ್ಟೇ ಮುಖ್ಯ. ಮೆಸಿಲೇಟ್ ಲವಣ ಜ಼ಿಮರ್‌ಮನ್ ಪೇಟೆಂಟಿನಲ್ಲಿ ಬಹಿರಂಗವಾಗಿರಲಿಲ್ಲ ಎಂದು ಕಂಪನಿ ಇಲ್ಲಿ ವಾದಿಸುತ್ತಿತ್ತು. ಆದರೆ ಬ್ರಿಟನ್ನಿನಲ್ಲಿ ಹೈದರಾಬಾದಿನ ನ್ಯಾಟ್ಕೊ ಕಂಪನಿ ಅದೇ ಔಷಧವನ್ನು ಮಾರಲು ಹೊರಟಾಗ ಇದೇ ಜ಼ಿಮರ್‌ಮನ್ ಪೇಟೆಂಟನ್ನು ಮುಂದಿಟ್ಟು ನೋಟಿಸು ಕಳಿಸಿತ್ತು. ಒಂದು ದೇಶದಲ್ಲಿ ತನ್ನದೆಂದು ಹಿಡಿದದ್ದನ್ನು ಇನ್ನೊಂದು ದೇಶದಲ್ಲಿ ಹೇಳಿಯೇ ಇರಲಿಲ್ಲ ಎನ್ನಲು ಕೋರ್ಟ್ ಬಿಡಲಿಲ್ಲ.

ಹಿಂದಿನ ವರ್ಷವಷ್ಟೇ ಬೇಯರ್ ಕಂಪನಿಯ ಕ್ಯಾನ್ಸರ್ ಔಷಧ ಸೊರಾಫೆನಿಬ್ ತಯಾರಿಸಲು ನ್ಯಾಟ್ಕೊಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಹೊಂದಿದವರ ಒಪ್ಪಿಗೆಯಿಲ್ಲದೆಯೇ ತಯಾರಿಸುವ ಅನುಮತಿ, ದೊರೆತಿತ್ತು. ತಿಂಗಳಿಗೆ 2,80,428 ರೂಪಾಯಿಯಿದ್ದ ಔಷಧ 8,880 ರೂಪಾಯಿಗೆ ಬಂತು.

ಈಗ ಉಳಿದರ್ಧ. ಹೊಸ ಔಷಧಕ್ಕೆ ಅನುಮತಿ ಕೊಡುವುದು ಕೇಂದ್ರ. ತಯಾರಿಕೆಗೆ ಪರವಾನಗಿ ಕೊಡುವುದು ರಾಜ್ಯಗಳ ಔಷಧ ನಿಯಂತ್ರಕರು. ಅನುಮತಿ ಸಿಕ್ಕು ನಾಲ್ಕು ವರ್ಷ ಕಳೆದರೆ ಔಷಧ ‘ಹೊಸದು’ ಎನಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಅದನ್ನು ತಯಾರಿಸಲು ಬಂದವರು ಜೈವಿಕ ಸಮಾನತೆಯನ್ನು, ಅಂದರೆ ತಮ್ಮ ಮಾತ್ರೆಯಿಂದ ಔಷಧ ಮೂಲ ಮಾತ್ರೆಯಷ್ಟೇ ಪ್ರಮಾಣದಲ್ಲಿ, ಅಷ್ಟೇ ವೇಗದಲ್ಲಿ ರಕ್ತಕ್ಕೆ ಸೇರುತ್ತದೆ ಎಂಬುದನ್ನು ತೋರಿಸದೆಯೇ ರಾಜ್ಯದಿಂದ ಪರವಾನಗಿ ಪಡೆಯಬಹುದಿತ್ತು. ಬೆಲೆ ಇಳಿಸುವ ಆತುರದಲ್ಲಿ ಕಟ್ಟಿದ ವ್ಯವಸ್ಥೆಯಲ್ಲಿ ಈ ಬಾಗಿಲು ತೆರೆದೇ ಉಳಿಯಿತು.

ರ್‍ಯಾನ್‌ಬ್ಯಾಕ್ಸಿ ಎಂಬ ಭಾರತೀಯ ಜೆನೆರಿಕ್ ಕಂಪನಿಯ ಗುಣಮಟ್ಟದ ಹಗರಣ ಬಯಲಿಗೆ ಬಂದದ್ದು ಹೊರದೇಶದಲ್ಲಿ. ಕಂಪನಿಯ ಒಳಗಿನವರಾಗಿದ್ದ ದಿನೇಶ್ ಠಾಕುರ್ ಕೊಟ್ಟ ಮಾಹಿತಿಯಿಂದ ಅಮೆರಿಕದಲ್ಲಿ ತನಿಖೆ ನಡೆಯಿತು. ಪಾಂವಟಾ ಸಾಹಿಬ್ ಮತ್ತು ದೇವಾಸ್ ಕಾರ್ಖಾನೆಗಳ ಔಷಧಗಳಿಗೆ 2008ರಲ್ಲಿ ಆ ದೇಶ ಬಾಗಿಲು ಮುಚ್ಚಿತು. 2013ರ ಮೇ ತಿಂಗಳಲ್ಲಿ ಕಂಪನಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ತೆತ್ತಿತು. ಗ್ಲಿವೆಕ್ ತೀರ್ಪಿನ ಸಂಭ್ರಮಕ್ಕೆ ಆಗ ಇನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಗ್ಲಿವೆಕ್ ಅರ್ಜಿಗೆ ತಕರಾರು ಹಾಕಿದವರಲ್ಲಿ ರ್‍ಯಾನ್‌ಬ್ಯಾಕ್ಸಿಯೂ ಇತ್ತು.

ಎಲ್ಲ ಗುಳಿಗೆಗಳಿಗೂ ಅಲ್ಲ, ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳಿಗೆ ಜೈವಿಕ ಸಮಾನತೆಯ ಪುರಾವೆ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಪರವಾನಗಿಯ ಆಚೆಗೆ ದಿನದಿನದ ತಯಾರಿಕೆಯ ಮೇಲಿನ ನಿಗಾ ಎಂಬ ಬೇರೆಯೇ ಪ್ರಶ್ನೆಯೂ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಬಾಣಂತಿಯರು ಸಾಲಾಗಿ ತೀರಿಕೊಂಡಾಗ ಅವರಿಗೆ ಡ್ರಿಪ್ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಬಂತು. ರಾಜ್ಯ ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಅದೇನೂ ಪೇಟೆಂಟಿನ ವಸ್ತುವಲ್ಲ, ಎಲ್ಲ ಆಸ್ಪತ್ರೆಗಳಲ್ಲೂ ನಿತ್ಯ ಬಳಸುವ ಅಗ್ಗದ ದ್ರಾವಣ.

2023ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ವೈದ್ಯರೆಲ್ಲರೂ ಚೀಟಿಯಲ್ಲಿ ಜೆನೆರಿಕ್ ಹೆಸರನ್ನೇ ಬರೆಯಬೇಕು ಎಂಬ ನಿಯಮ ತಂದಿತು. ಕಂಪನಿಗಳ ಉಡುಗೊರೆಗೆ ಮನಸೋತು ದುಬಾರಿ ಬ್ರಾಂಡ್ ಬರೆಯುವವರಿದ್ದಾರೆ ಎಂಬ ದೂರು ಹಳೆಯದು, ಅದರಲ್ಲಿ ಹುರುಳೂ ಇದೆ. ಆದರೆ ವೈದ್ಯರ ಸಂಘ ಎತ್ತಿದ ಆಕ್ಷೇಪ ಬೇರೆಯೇ: ಹೆಸರನ್ನಷ್ಟೇ ಬರೆದರೆ ಯಾವ ಕಂಪನಿಯ ಮಾತ್ರೆ ಕೊಡಬೇಕೆಂದು ಔಷಧದಂಗಡಿಯವರೇ ತೀರ್ಮಾನಿಸುತ್ತಾರೆ, ಅದರ ಗುಣಮಟ್ಟಕ್ಕೆ ಹೊಣೆ ಯಾರು? ಆ ತಿಂಗಳು ಮುಗಿಯುವ ಮೊದಲೇ ಆಯೋಗ ನಿಯಮವನ್ನು ತಡೆಹಿಡಿಯಿತು.