ಹಲ್ಕ್‌ನ ಸಿಟ್ಟಿಗೂ ಒಂದು ಚರಿತ್ರೆ ಇತ್ತು

ಆಂಗ್ ಲೀ ನಿರ್ದೇಶನದ 'ಹಲ್ಕ್' ಸಿನಿಮಾವನ್ನ ಭಾನುವಾರ ಮತ್ತೆ ನೋಡಿದೆ. ಮೊದಲ ಸಲ ಸಿಡಿ ಹಾಕಿ ನೋಡಿದಾಗ ನಾನೂ ಬೈದಿದ್ದೆ. 'ಏನ್ ಗುರು, ಹಲ್ಕ್ ಬರೋಕೇ ಇಷ್ಟ್ ಹೊತ್ತು, ಬಂದ್ಮೇಲೂ ಅಪ್ಪ-ಮಗನ ಗೋಳು' ಅಂತ. ಅಮೆರಿಕದ ಪ್ರೇಕ್ಷಕರೂ ಕೈಬಿಟ್ಟರು. 2003ರ ಜೂನ್‌ನಲ್ಲಿ ಮೊದಲ ವಾರಾಂತ್ಯಕ್ಕೆ ಸುಮಾರು 6.2 ಕೋಟಿ ಡಾಲರ್ ಬಂತು, ಮರುವಾರ ಗಳಿಕೆ ಶೇ 70ರಷ್ಟು ಬಿತ್ತು. 2008ರಲ್ಲಿ ಬೇರೆ ನಿರ್ದೇಶಕ, ಬೇರೆ ನಟನನ್ನ ಹಾಕಿ ಹೊಸದಾಗಿ ಶುರು ಮಾಡಿದರು.

ಸ್ಟಾನ್ ಲೀ, ಜಾಕ್ ಕಿರ್ಬಿ 1962ರಲ್ಲಿ ಕಾಮಿಕ್ಸ್‌ನಲ್ಲಿ ಹಲ್ಕ್‌ನನ್ನ ತಂದಾಗ ಎಲ್ಲದಕ್ಕೂ ಕಾರಣ ಗಾಮಾ ಬಾಂಬ್. ಅವನ ಬಾಲ್ಯದಲ್ಲಿ ಹಿಂಸೆ ಕೊಡೋ ಅಪ್ಪನೊಬ್ಬನಿದ್ದ ಅಂತ ಬರೆದದ್ದು ಬಿಲ್ ಮ್ಯಾಂಟ್ಲೊ, ಅದೂ 1985ರಲ್ಲಿ. ಆಂಗ್ ಲೀ ಆ ಎಳೆಯನ್ನೇ ಹಿಡಿದು ಎಳೆದರು. ಇಲ್ಲಿ ಗಾಮಾ ಬರೀ ನೆಪ. ಮಿಲಿಟರಿ ವಿಜ್ಞಾನಿ ಅಪ್ಪ ತನ್ನ ಮೈಮೇಲೇ ಪ್ರಯೋಗ ಮಾಡಿಕೊಂಡ, ಅದು ಮಗನಿಗೆ ಇಳೀತು. ಮಗನನ್ನ ಕೊಲ್ಲೋಕೆ ಚಾಕು ಹಿಡಿದ, ಅಡ್ಡ ಬಂದ ತಾಯಿ ಸತ್ತಳು. ದೊಡ್ಡವನಾದ ಬ್ರೂಸ್‌ಗೆ ನೆನಪಿರೋದು ಒಂದು ಮುಚ್ಚಿದ ಬಾಗಿಲು ಅಷ್ಟೇ.

ಆಫೀಸಲ್ಲಿ ನನ್ನನ್ನ 'ನಿಮಗ್ಯಾಕ್ ಸಾರ್ ಎಲ್ಲದಕ್ಕೂ ಸಿಟ್ಟು?' ಅಂತ ನಗ್ತಾ ಕೇಳ್ತಾರೆ. ಬಾಗಿಲ ಹಿಂದೆ ಏನಾಯ್ತು ಅಂತ ಕೇಳಿದವರು ಕಡಿಮೆ.

ನನ್ನನ್ನ ತಡೆದು ನಿಲ್ಲಿಸಿದ್ದು ಟಾಲ್ಬಟ್ ಭಾಗ. ಅವನಿಗೆ ಹಲ್ಕ್‌ನ ಮೇಲೆ ದ್ವೇಷಕ್ಕಿಂತ ವ್ಯಾಪಾರದ ಲೆಕ್ಕ ಜಾಸ್ತಿ. ಬ್ರೂಸ್‌ನ ನೀರಿನ ಟ್ಯಾಂಕಿನಲ್ಲಿ ಮಲಗಿಸಿ, ಬೇಕಂತಲೇ ಕೆಟ್ಟ ಕನಸು ತರಿಸಿ ಕೆರಳಿಸ್ತಾನೆ. ಯಾಕೆ? ಹಲ್ಕ್ ಮೈಯಿಂದ ಒಂದು ತುಣುಕು ಕಿತ್ತು ಕಾಸು ಮಾಡಿಕೊಳ್ಳೋಕೆ. ಅವನಿಗೆ ಆ ಸಿಟ್ಟು ಬೇಕು, ಸಿಟ್ಟು ಬಂದ ಮನುಷ್ಯ ಬೇಡ. ಎಷ್ಟು ಕೆರಳಿಸಿದರೆ ಅಷ್ಟು ದೊಡ್ಡವನಾಗ್ತಾನೆ ಹಲ್ಕ್. ಸಿನಿಮಾದಲ್ಲಿ ಅವನ ಎತ್ತರ ನಿಜಕ್ಕೂ ಬೆಳೀತಾ ಹೋಗುತ್ತೆ. ಈ ಹಲ್ಕ್‌ನ ನಡೆ-ನುಡಿಗೆ ಆಂಗ್ ಲೀ ತಾವೇ ಮೋಷನ್ ಕ್ಯಾಪ್ಚರ್ ಉಡುಪು ಹಾಕ್ಕೊಂಡು ಅಭಿನಯಿಸಿದ್ದರು. ಗ್ರಾಫಿಕ್ಸ್ ಗೊಂಬೆ ಅಂತ ನಗಾಡಿದ್ದ ನನಗೆ ಆಗ ಇದು ಗೊತ್ತಿರಲಿಲ್ಲ.

ಒಂದು ತಕರಾರು ಇದೆ. ಸಿಟ್ಟನ್ನ ರಕ್ತದಲ್ಲಿ ಹರಿದು ಬಂದ ದೋಷ ಅನ್ನೋ ಹಾಗೆ ತೋರಿಸಿದ್ದು ನನಗೆ ಒಪ್ಪಿಗೆಯಿಲ್ಲ. 'ಅವರ ರಕ್ತವೇ ಹಂಗೆ' ಅನ್ನೋ ಮಾತು ನಾವು ಸಾಕಷ್ಟು ಕೇಳಿದ್ದೀವಿ.

ಕೊನೆಗೆ ಅಪ್ಪನೇ ಮಗನ ಶಕ್ತಿಗೆ ಕೈಚಾಚ್ತಾನೆ. ಹಲ್ಕ್ ಕೊಡಲ್ಲ ಅನ್ನಲ್ಲ, ಪೂರ್ತಿ ಬಿಟ್ಟುಕೊಡ್ತಾನೆ. ಅಪ್ಪನ ಮೈ ಉಬ್ಬುತ್ತಾ ಉಬ್ಬುತ್ತಾ ಹೋಗುತ್ತೆ. ವಾಪಸ್ ತಗೋ ಅಂತ ಕಿರುಚ್ತಾನೆ.