ಸಡಿಲವಾಗಿ ಇಳಿದು ಬಿಗಿಯಾಗಿ ಹೊರಡುವ ಗುಂಡು: ಬಾಯಿಂದ ಮದ್ದು ತುಂಬುವ ದೊಡ್ಡ ರೈಫಲ್‌ಗಳಲ್ಲಿ ಸೀಸದ ಮೊನೆಗುಂಡಿನ ವಿನ್ಯಾಸ ಮತ್ತು ಆಯ್ಕೆ

ಬಾಯಿಂದ ಮದ್ದು ತುಂಬುವ ರೈಫಲ್ಲಿನ ಗುಂಡು ಒಂದೇ ನಳಿಗೆಯಲ್ಲಿ ಎರಡು ಸಲ ಸಂಚರಿಸುತ್ತದೆ. ಮೊದಲು ಗಜದ ಒತ್ತಿಗೆ ಒಳಕ್ಕೆ, ಆಮೇಲೆ ಮದ್ದಿನ ಒತ್ತಡಕ್ಕೆ ಹೊರಕ್ಕೆ. ಒಳಕ್ಕೆ ಹೋಗುವಾಗ ಅದು ಸಡಿಲವಾಗಿರಬೇಕು. ಕರಿಮದ್ದು ಉರಿದ ಮೇಲೆ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಘನವಸ್ತುವಾಗಿಯೇ ಉಳಿಯುವುದರಿಂದ, ಹತ್ತಾರು ಈಡು ಹಾರಿಸಿದ ನಳಿಗೆ ಕಿಟ್ಟ ಕಟ್ಟಿ ಕಿರಿದಾಗಿರುತ್ತದೆ. ಹೊರಕ್ಕೆ ಬರುವಾಗಲಾದರೋ ಅದೇ ಗುಂಡು ನಳಿಗೆಯ ಸುರುಳಿ ಗೀರುಗಳನ್ನು ಕಚ್ಚಿ ಹಿಡಿಯುವಷ್ಟು ಬಿಗಿಯಾಗಿರಬೇಕು. ಇಲ್ಲದಿದ್ದರೆ ತಿರುಗದು, ತಿರುಗದ ಉದ್ದ ಗುಂಡು ಗಾಳಿಯಲ್ಲಿ ಮಗುಚುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಯೂರೋಪಿನ ಸೈನ್ಯಾಧಿಕಾರಿಗಳು ತಲೆ ಕೆಡಿಸಿಕೊಂಡದ್ದೆಲ್ಲ ಈ ಎದುರುಬದುರಾದ ಬೇಡಿಕೆಗಳ ಸುತ್ತಲೇ. ಅವರ ಉತ್ತರಗಳನ್ನು ಗುಂಡಿನ ಆಕಾರದ ಚರಿತ್ರೆಯೆಂದು ಓದುವುದು ವಾಡಿಕೆ. ನಳಿಗೆಯ ತಿರುಪು ಮತ್ತು ಗೀರಿನ ಆಳ ಗುಂಡನ್ನು ತೀರ್ಮಾನಿಸಿದವು, ಗುರಿಯ ದೂರವು ನಳಿಗೆಯನ್ನು ತೀರ್ಮಾನಿಸಿತು ಎಂದು ಓದಿದರೆ ದಾಖಲೆಗಳು ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ ಎಂಬುದು ಈ ಲೇಖನದ ವಾದ.

ಕಥೆಯ ಮೊದಲ ಎಳೆ ದಕ್ಷಿಣ ಭಾರತದಿಂದ ಹೊರಡುತ್ತದೆ. ಬ್ರಿಟಿಷ್ ಸೇನೆಯ 34ನೆಯ ರೆಜಿಮೆಂಟಿನ ಕ್ಯಾಪ್ಟನ್ ಜಾನ್ ನಾರ್ಟನ್ 1823ರ ಸುಮಾರಿಗೆ ಬುಡ ಟೊಳ್ಳಾದ ಉದ್ದ ಗುಂಡೊಂದನ್ನು ರೂಪಿಸಿದ. ಇಲ್ಲಿನವರು ಊದುಗೊಳವೆಯಲ್ಲಿ ಹಾರಿಸುವ ಬಾಣದ ಬುಡಕ್ಕೆ ತಾವರೆಯ ಬೆಂಡನ್ನು ಸಿಕ್ಕಿಸಿರುತ್ತಿದ್ದರು, ಊದಿದೊಡನೆ ಬೆಂಡು ಹಿಗ್ಗಿ ಕೊಳವೆಗೆ ಬಿಗಿಯಾಗಿ ಕೂರುತ್ತಿತ್ತು, ಅದನ್ನು ನೋಡಿ ಅವನಿಗೆ ಯೋಚನೆ ಹೊಳೆಯಿತು ಎಂಬ ಮಾತು ಕೋವಿ ಚರಿತ್ರೆಯ ಪುಸ್ತಕಗಳಲ್ಲಿ ಉಳಿದುಬಂದಿದೆ. ಸೇನೆ ಗುಂಡನ್ನು ಸ್ವೀಕರಿಸಲಿಲ್ಲ. 1835ರಲ್ಲಿ ಕೋವಿ ತಯಾರಕ ವಿಲಿಯಂ ಗ್ರೀನರ್ ಬುಡದಲ್ಲಿ ಬೆಣೆಯಿರುವ ಹಿಗ್ಗುಗುಂಡನ್ನು ತಂದಾಗಲೂ ಇದೇ ಆಯಿತು. ಮುಂದೆ ಬ್ರಿಟಿಷ್ ಸರ್ಕಾರ ಅದೇ ತತ್ವಕ್ಕಾಗಿ ಫ್ರೆಂಚ್ ಅಧಿಕಾರಿ ಕ್ಲೋದ್ ಏತಿಯೆನ್ ಮಿನಿಯೆಗೆ 20,000 ಪೌಂಡ್ ಕೊಟ್ಟಿತು. ಗ್ರೀನರ್ ಹಟ ಹಿಡಿದು ಜಗಳವಾಡಿದ ಮೇಲೆ 1857ರಲ್ಲಿ ಅವನಿಗೆ ಸಿಕ್ಕಿದ್ದು 1,000 ಪೌಂಡ್.

ಫ್ರಾನ್ಸಿನವರು ಮೊದಲು ಹಿಡಿದದ್ದು ಬಡಿಗೆಯ ದಾರಿ. ದೆಲ್ವಿನ್ ಎಂಬ ಅಧಿಕಾರಿ 1826ರಲ್ಲಿ ನಳಿಗೆಯ ಬುಡದಲ್ಲಿ ಕಿರಿದಾದ ಮದ್ದಿನ ಕೋಣೆ ಮಾಡಿ, ಅದರ ಅಂಚಿನ ಮೇಲೆ ಕೂತ ಗುಂಡನ್ನು ಗಜದಿಂದ ಬಡಿದು ಅಗಲಿಸಿದ. ಇನ್ನೊಬ್ಬ ಅಧಿಕಾರಿ ತೂವನಾನ್ 1840ರ ದಶಕದಲ್ಲಿ ಕೋಣೆಯ ಬದಲು ಉಕ್ಕಿನ ಗೂಟ ನಿಲ್ಲಿಸಿದ. ಎರಡರಲ್ಲೂ ಗುಂಡು ಬಿಗಿಯಾಗುತ್ತಿತ್ತು, ಆದರೆ ಪ್ರತಿಯೊಬ್ಬ ಸಿಪಾಯಿಯ ಏಟಿಗೆ ಒಂದೊಂದು ಆಕಾರ ಪಡೆಯುತ್ತಿತ್ತು. ಗೂಟದ ಸುತ್ತ ಕಟ್ಟಿದ ಕಿಟ್ಟ ತೆಗೆಯುವುದಂತೂ ಬೇರೆಯೇ ಶಿಕ್ಷೆ. 1849ರ ಮಿನಿಯೆ ಗುಂಡು ಈ ಬಡಿತದ ಕೆಲಸವನ್ನು ಸಿಪಾಯಿಯ ಕೈಯಿಂದ ಕಿತ್ತು ಮದ್ದಿಗೆ ವಹಿಸಿತು. ಟೊಳ್ಳಾದ ಬುಡದಲ್ಲಿ ಕಬ್ಬಿಣದ ಪುಟ್ಟ ಬಟ್ಟಲು. ಮದ್ದು ಸಿಡಿದಾಗ ಹಗುರವಾದ ಬಟ್ಟಲು ಸೀಸಕ್ಕಿಂತ ಮೊದಲು ಮುಂದಕ್ಕೆ ನುಗ್ಗಿ ಬುಡದ ಗೋಡೆಯನ್ನು ಗೀರುಗಳೊಳಕ್ಕೆ ಅಗಲಿಸುತ್ತಿತ್ತು. ಕೆಲವೊಮ್ಮೆ ಬಟ್ಟಲು ಅಷ್ಟಕ್ಕೇ ನಿಲ್ಲದೆ ಗುಂಡನ್ನೇ ಸೀಳಿಕೊಂಡು ಹೋಗಿ, ನಳಿಗೆಯಲ್ಲಿ ಸೀಸದ ಉಂಗುರವನ್ನು ಬಿಟ್ಟುಹೋಗುತ್ತಿದ್ದುದೂ ಉಂಟು.

ಅಮೆರಿಕದ ಹಾರ್ಪರ್ಸ್ ಫೆರ್ರಿ ಶಸ್ತ್ರಾಗಾರದಲ್ಲಿ ಜೇಮ್ಸ್ ಬರ್ಟನ್ ಆ ಬಟ್ಟಲನ್ನು ತೆಗೆದೇಹಾಕಿದ. ಟೊಳ್ಳಿನ ಆಳವನ್ನೂ ಗೋಡೆಯ ದಪ್ಪವನ್ನೂ ಸರಿಯಾಗಿ ಹೊಂದಿಸಿದರೆ ಮದ್ದಿನ ಒತ್ತಡವೊಂದೇ ಸಾಕು ಎಂಬುದು ಅವನು ಕಂಡುಕೊಂಡ ಸಂಗತಿ. 1855ರಲ್ಲಿ ಅಂಗೀಕಾರವಾದ ಈ ಗುಂಡಿನ ತೂಕ ಸುಮಾರು 500 ಗ್ರೇನ್, ಅಂದರೆ 32 ಗ್ರಾಂ; ಅದಕ್ಕೆ ಮದ್ದು 60 ಗ್ರೇನ್. ಮೊನೆಗುಂಡನ್ನು ಇಂದು ಎರಕ ಹೊಯ್ಯುವವರು ಎದುರಿಸುವ ಪ್ರಶ್ನೆಯೂ ಇಲ್ಲೇ ಇದೆ. ಗೋಡೆ ತೆಳುವಾದರೆ ಕಡಿಮೆ ಮದ್ದಿಗೂ ಚೆನ್ನಾಗಿ ಅಗಲುತ್ತದೆ, ಆದರೆ ಮದ್ದು ಹೆಚ್ಚಿಸಿದರೆ ನಳಿಗೆಯ ಬಾಯಿ ದಾಟುತ್ತಿದ್ದಂತೆ ಹೂವಿನಂತೆ ಅರಳಿಬಿಡುತ್ತದೆ, ಗುರಿ ಕೆಡುತ್ತದೆ. ದಪ್ಪವಾದರೆ ಜಾಸ್ತಿ ಮದ್ದು ತಡೆಯುತ್ತದೆ, ಕಡಿಮೆ ಮದ್ದಿಗೆ ಮಾತ್ರ ಮಿಸುಕುವುದೇ ಇಲ್ಲ. ಹಾಗಾಗಿ ಮದ್ದಿನ ಪ್ರಮಾಣ ಹೇಳದೆ ಅಚ್ಚನ್ನು ಹೊಗಳುವುದರಲ್ಲಿ ಅರ್ಥವಿಲ್ಲ. ಸೀಸವೂ ಶುದ್ಧವಾಗಿರಬೇಕು. ಬ್ರಿನೆಲ್ ಮಾಪನದಲ್ಲಿ ಶುದ್ಧ ಸೀಸದ ಗಡಸುತನ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದರೆ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಹಿಗ್ಗುವುದಕ್ಕೆ ಟೊಳ್ಳು ಬೇಕೇಬೇಕೆಂದೂ ಇಲ್ಲ. ಆಸ್ಟ್ರಿಯಾದ 1854ರ ಲೊರೆಂಜ್ ರೈಫಲ್ಲಿನ ಗುಂಡಿಗೆ ಬುಡ ಗಟ್ಟಿ. ಅದರ ಮೈಸುತ್ತ ಎರಡು ಆಳವಾದ ಕಚ್ಚುಗಳಿದ್ದವು; ಮದ್ದು ಬುಡವನ್ನು ತಳ್ಳಿದಾಗ ಮೊನೆಯ ಜಡತ್ವದಿಂದಾಗಿ ನಡುವಿನ ಕಚ್ಚುಗಳು ಕುಗ್ಗಿ ಮೈ ಅಗಲವಾಗುತ್ತಿತ್ತು. ಇಂಗ್ಲೆಂಡಿನ ವಿಲ್ಕಿನ್ಸನ್ ರೂಪಿಸಿದ್ದೂ ಇದೇ ತತ್ವದ ಗುಂಡು. 1970ರ ದಶಕದಲ್ಲಿ ಅಮೆರಿಕದ ಬೇಟೆಗಾರರಿಗೆಂದು ಬಂದ ಮ್ಯಾಕ್ಸಿ ಬಾಲ್ ಗುಂಡಿನದೂ ಗಟ್ಟಿ ಬುಡವೇ. ಅದರ ಮುಂದಿನ ಪಟ್ಟಿಯೊಂದೇ ತುಸು ದಪ್ಪ, ತುಂಬುವಾಗಲೇ ಅದು ಗೀರುಗಳಿಗೆ ಕಚ್ಚಿಕೊಳ್ಳುತ್ತದೆ. ಹಿಂದಿನ ಪಟ್ಟಿಗಳು ಜಾರಿ ಒಳಹೋಗುತ್ತವೆ.

ಬ್ರಿಟಿಷರ 1853ರ ಎನ್‌ಫೀಲ್ಡ್ ರೈಫಲ್ಲಿನ ಒಳವ್ಯಾಸ 0.577 ಇಂಚು. ಅದರ ಪ್ರಿಚೆಟ್ ಗುಂಡು 0.568 ಇಂಚಿನದು, 530 ಗ್ರೇನ್ ತೂಕದ್ದು. ಬರ್ಟನ್ನನ ಗುಂಡು ತನ್ನ ಮೈಯ ಕಚ್ಚುಗಳಲ್ಲೇ ಕೊಬ್ಬನ್ನು ಹೊತ್ತಿರುತ್ತಿತ್ತು. ಪ್ರಿಚೆಟ್ ಗುಂಡಿನ ಮೈ ನುಣುಪು. ಹೀಗಾಗಿ ಜಿಡ್ಡು ತೋಟಾದ ಕಾಗದಕ್ಕೆ ಬಂತು, ಅದೇ ಕಾಗದ ಗುಂಡಿನ ಸುತ್ತುಬಟ್ಟೆಯೂ ಆಯಿತು. ಕವಾಯತಿನ ಕ್ರಮದಲ್ಲಿ ತೋಟಾದ ಮದ್ದಿನ ತುದಿಯನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿಯಬೇಕಿತ್ತು. ದನದ, ಹಂದಿಯ ಕೊಬ್ಬಿನ ಭಯ 1857ರಲ್ಲಿ ಏನು ಮಾಡಿತೆಂಬುದು ಎಲ್ಲರಿಗೂ ಗೊತ್ತು. ಆ ಸಿಪಾಯಿ ಬಂಡಾಯಕ್ಕೆ ಇದೊಂದೇ ಕಾರಣವಲ್ಲ ನಿಜ. ಆದರೆ ಗುಂಡಿನ ಮೈ ನುಣುಪಾಗಿರಲಿ ಎಂಬ ತಾಂತ್ರಿಕ ತೀರ್ಮಾನವನ್ನು ಆ ಚರಿತ್ರೆಯಿಂದ ಹೊರಗಿಡುವುದು ಸರಿಯಲ್ಲ.

ಇನ್ನು ದೊಡ್ಡ ಬೋರಿನ ವಿಚಾರ. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಹೊಂದುವ ಉರುಟು ಗುಂಡುಗಳು ಎಷ್ಟಾಗುತ್ತವೋ ಅದೇ ಬೋರಿನ ಸಂಖ್ಯೆ. 14 ಬೋರಿನ ಗುಂಡು 500 ಗ್ರೇನ್, 4 ಬೋರಿನದು 1,750 ಗ್ರೇನ್. ವ್ಯಾಸ ಸ್ವಲ್ಪ ಹೆಚ್ಚಿದರೂ ತೂಕ ಘನದ ಲೆಕ್ಕದಲ್ಲಿ ಏರುತ್ತದೆ. ಎನ್‌ಫೀಲ್ಡ್ ನಳಿಗೆಗೆ ಹೊಂದುವ 0.570 ಇಂಚಿನ ಉರುಟು ಗುಂಡು 278 ಗ್ರೇನ್ ತೂಗುವಲ್ಲಿ ಪ್ರಿಚೆಟ್ ಗುಂಡು ಅದರ ಸುಮಾರು ಇಮ್ಮಡಿ. ಈ ಅನುಪಾತವನ್ನು 4 ಬೋರಿಗೆ ಅನ್ವಯಿಸಿದರೆ ಗುಂಡು 200 ಗ್ರಾಂ ದಾಟುತ್ತದೆ. ಅಂಥದ್ದನ್ನು ಹೆಗಲಿಗೆ ಕೊಟ್ಟು ಹಾರಿಸುವವನ ಹೆಗಲು ಉಳಿಯದು. ಬ್ರಿಟಿಷ್ ಬೇಟೆಗಾರ ಸ್ಯಾಮ್ಯುಯೆಲ್ ಬೇಕರ್ 1840ರಲ್ಲಿ ಬ್ರಿಸ್ಟಲ್‌ನ ಗಿಬ್ಸ್ ಅವರಿಂದ ಮಾಡಿಸಿ ಸಿಲೋನಿನ ಆನೆಗಳ ಮೇಲೆ ಬಳಸಿದ ರೈಫಲ್ 21 ಪೌಂಡ್ ತೂಗುತ್ತಿತ್ತು, ಅಂದರೆ ಒಂಬತ್ತೂವರೆ ಕಿಲೋ. ಅದರ ಪಟ್ಟಿಯುಳ್ಳ ಉರುಟು ಗುಂಡು ಮೂರು ಔನ್ಸ್, ಮೊನೆಗುಂಡು ನಾಲ್ಕು ಔನ್ಸ್, ಮದ್ದು ಒಂದು ಔನ್ಸ್. ಆನೆಯ ತಲೆಬುರುಡೆಗೆ ಬೇಟೆಗಾರರು ತವರವನ್ನೋ ಪಾದರಸವನ್ನೋ ಬೆರೆಸಿ ಗಡಸು ಮಾಡಿದ ಸೀಸ ಬಳಸುತ್ತಿದ್ದರು. ಗಡಸು ಸೀಸ ಗೀರಿಗೆ ಹಿಗ್ಗದು. ಮಿನಿಯೆಯ ಜಾಣ್ಮೆ ಆನೆಬೇಟೆಯಲ್ಲಿ ಕೈಕೊಡುವುದು ಈ ಕಾರಣಕ್ಕೇ.

ಒಳಕ್ಕೆ ಸಡಿಲ, ಹೊರಕ್ಕೆ ಬಿಗಿ ಎಂಬ ಈ ಗಂಟು ಭಾರತದಲ್ಲೇ ಇಬ್ಬರು ಅಧಿಕಾರಿಗಳ ಕೈಯಲ್ಲಿ ಎದುರುಬದುರು ದಿಕ್ಕಿಗೆ ಬಿಚ್ಚಿಕೊಂಡಿತು. ಸಿಂಧ್ ಗಡಿಯ ಜಾನ್ ಜೇಕಬ್‌ಗೆ ಬಯಲು ಸೀಮೆ, ದೂರದ ಶತ್ರು. ಅವನು 32 ಬೋರಿನ ಜೋಡುನಳಿಗೆಗೆ ನಾಲ್ಕು ಆಳವಾದ ಗೀರು ಕೊರೆಸಿ, ಅವುಗಳಿಗೆ ಸರಿಯಾಗಿ ಕೂರುವ ನಾಲ್ಕು ಏಣುಗಳನ್ನು ಉದ್ದ ಗುಂಡಿನ ಮೇಲೇ ಎರಕ ಹೊಯ್ಯಿಸಿದ. ಗುಂಡು ಹಿಗ್ಗಬೇಕಾದ ಅಗತ್ಯವೇ ಇಲ್ಲ. ರೈಫಲ್ಲಿನ ಗುರಿಪಟ್ಟಿಯಲ್ಲಿ 2,000 ಗಜದವರೆಗೆ ಗುರುತುಗಳಿದ್ದವು. ಜೇಕಬ್ ಸಿಡಿಮದ್ದು ತುಂಬಿದ ಗುಂಡುಗಳನ್ನೂ ಮಾಡಿಸಿದ; ಅಂಥವನ್ನು 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ ಯುದ್ಧದಲ್ಲಿ ನಿಷೇಧಿಸಿತು.

ಮಧ್ಯ ಪ್ರಾಂತದ ಕಾಡುಗಳಲ್ಲಿ ತಿರುಗಿದ ಜೇಮ್ಸ್ ಫೋರ್ಸಿತ್ ಬೇಟೆ ರೈಫಲ್‌ಗಳ ಕುರಿತು 1860ರ ದಶಕದಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಪೂರ್ತಿ ತಿರುವಿಹಾಕಿದ. ಕಾಡಿನಲ್ಲಿ ಪ್ರಾಣಿ ನೂರೈವತ್ತು ಗಜದೊಳಗೆ, ಅದೂ ಅಳತೆಗೆ ಸಿಗದ ದೂರದಲ್ಲಿ, ಕಾಣಿಸಿಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ಚಪ್ಪಟೆ ಹಾದಿ, ಅಂದರೆ ವೇಗ. ವೇಗಕ್ಕೆ ಹಗುರವಾದ ಉರುಟು ಗುಂಡು, ಹೆಚ್ಚು ಮದ್ದು. 14 ಬೋರಿಗೆ ಅವನು ಸೂಚಿಸಿದ ತಿರುಪು 104 ಇಂಚಿಗೆ ಒಂದು ಸುತ್ತು, ಗೀರು ತೀರ ಮೇಲುಮೇಲೆ. ತಿರುಪು ಚುರುಕಾಗಿದ್ದರೆ ಹೆಚ್ಚು ಮದ್ದಿಗೆ ಗುಂಡು ಗೀರು ತಪ್ಪಿಸಿಕೊಂಡು ಜಾರಿಬಿಡುತ್ತದೆ ಎಂಬುದು ಅವನ ತಕರಾರು. ಒಂದು ಸರಳ ಲೆಕ್ಕ ಅವನ ಪರವಾಗಿದೆ. ನೂರೈವತ್ತು ಗಜವನ್ನು ಸರಾಸರಿ ಸೆಕೆಂಡಿಗೆ 370 ಮೀಟರಿನಲ್ಲಿ ಕ್ರಮಿಸುವ ಗುಂಡು ನಡುದಾರಿಯಲ್ಲಿ ಗುರಿರೇಖೆಗಿಂತ ಸುಮಾರು 17 ಸೆಂಟಿಮೀಟರ್ ಮೇಲೇಳುತ್ತದೆ. ಸೆಕೆಂಡಿಗೆ 280 ಮೀಟರ್ ವೇಗದ ಭಾರವಾದ ಗುಂಡಾದರೆ 29. ಆ ವ್ಯತ್ಯಾಸದಲ್ಲಿ ಜಿಂಕೆ ಉಳಿಯುತ್ತದೆ. ಪರ್ಡಿ ಕಂಪನಿ 1856ರಲ್ಲಿ ರೈಲಿನ ಹೆಸರಿಟ್ಟು ತಂದ ಎಕ್ಸ್‌ಪ್ರೆಸ್ ರೈಫಲ್ ನಡುದಾರಿ ಹಿಡಿಯಿತು: ಮೊನೆಗುಂಡೇ, ಆದರೆ ಸಣ್ಣ ಬೋರು, ಹಗುರ ತೂಕ, ತುಂಬ ಮದ್ದು.

ಮಲೆನಾಡಿನ ಕೇಪಿನ ಕೋವಿಗೆ ಈ ಚರ್ಚೆಯೆಲ್ಲ ತಟ್ಟಲಿಲ್ಲ. ಬಹುಪಾಲು ಅವುಗಳ ನಳಿಗೆ ನುಣುಪು. ಗೀರಿಲ್ಲದಲ್ಲಿ ಉದ್ದ ಗುಂಡಿಗಿಂತ ಚರೆಯೋ ಉರುಟು ಗುಂಡೋ ವಾಸಿ.

ದೂರವೇ ಮುಖ್ಯವಾದರೆ ಏನಾಗುತ್ತದೆಂಬುದನ್ನು ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವ್ಹಿಟ್‌ವರ್ತ್ ತೋರಿಸಿದ. ಅವನೂ 530 ಗ್ರೇನ್ ತೂಕವನ್ನೇ ಉಳಿಸಿಕೊಂಡ, ಆದರೆ ಒಳವ್ಯಾಸವನ್ನು 0.451 ಇಂಚಿಗೆ ಇಳಿಸಿದ, ಎನ್‌ಫೀಲ್ಡ್‌ನ 78 ಇಂಚಿನ ತಿರುಪನ್ನು 20ಕ್ಕೆ ತಂದ. 1857ರಲ್ಲಿ ಹೈತ್‌ನ ಪರೀಕ್ಷೆಯಲ್ಲಿ 500 ಗಜದಲ್ಲಿ ಎನ್‌ಫೀಲ್ಡ್ ಗುಂಡುಗಳ ಸರಾಸರಿ ಚದುರುವಿಕೆ 2.24 ಅಡಿ, ವ್ಹಿಟ್‌ವರ್ತ್‌ನದು 0.37 ಅಡಿ. ಸೀಸ ಅಷ್ಟೇ, ತೆಳ್ಳಗೆ ಉದ್ದವಾಯಿತು, ಅದಕ್ಕೆ ತಕ್ಕ ತಿರುಪು ಸಿಕ್ಕಿತು. ತೆರಬೇಕಾದ ಬೆಲೆಯೂ ಇತ್ತು: ರೈಫಲ್ ದುಬಾರಿ, ಷಟ್ಕೋನದ ನಳಿಗೆ ಕಿಟ್ಟ ಕಟ್ಟಿದರೆ ಗುಂಡು ಇಳಿಸುವುದು ಕಷ್ಟ. ಸೇನೆ ಎನ್‌ಫೀಲ್ಡನ್ನೇ ಇಟ್ಟುಕೊಂಡಿತು.

1866ರಲ್ಲಿ ಸ್ನೈಡರ್ ಪದ್ಧತಿಯಂತೆ ಅದೇ ಎನ್‌ಫೀಲ್ಡ್‌ಗಳನ್ನು ಹಿಂದಿನಿಂದ ತುಂಬುವಂತೆ ಮಾರ್ಪಡಿಸಿದಾಗ ಗಜದ ಕೆಲಸ ಮುಗಿಯಿತು, ಗುಂಡು ಸಡಿಲವಾಗಿರಬೇಕಾದ ಕಾರಣವೂ ಮುಗಿಯಿತು. ನಳಿಗೆ ಮಾತ್ರ ಹಳೆಯದೇ, 78 ಇಂಚಿಗೆ ಒಂದೇ ಸುತ್ತು. ಅಷ್ಟು ನಿಧಾನದ ತಿರುಪಿನಲ್ಲಿ ನಿಲ್ಲಬಲ್ಲ ಗುಂಡಿಗಾಗಿ ಬ್ರಿಟಿಷ್ ಅಧಿಕಾರಿ ಎಡ್ವರ್ಡ್ ಬಾಕ್ಸರ್ ತೂಕವನ್ನು 480 ಗ್ರೇನಿಗೆ ಇಳಿಸಿ, ಬುಡದ ಟೊಳ್ಳಿನಲ್ಲಿ ಸುಟ್ಟ ಜೇಡಿಯ ಬೆಣೆಯನ್ನು ಇಟ್ಟು, ಮೊನೆಯನ್ನೂ ಕೊರೆದು ಅಲ್ಲಿ ಮರದ ತುಂಡನ್ನು ಹುದುಗಿಸಿದ.